ತಳದ ಚಿಲಕ

“ಇನ್ನೊಮ್ಮೆ ಬೆಂಕಿ ಹಚ್ಚು,” ಎಂದ ಮುದುಕ ಜುಜೆ.

ಸುಮನ ಗುಂಡಿ ಒತ್ತಿದಳು. ಕಂಪ್ಯೂಟರ್ ಪರದೆಯಲ್ಲಿ ಹಾಸ್ಟೆಲ್ಲಿನ ಅಡುಗೆಮನೆ ಹೊತ್ತಿಕೊಂಡಿತು. ಹೊಗೆ ಪಡಸಾಲೆಗೆ ನುಗ್ಗಿತು. ಪುಟ್ಟ ಗೊಂಬೆಗಳು ಒಂದೊಂದಾಗಿ ಅಂಗಳಕ್ಕೆ ಓಡಿಬಂದವು. ಮೂವತ್ತೊಂದು. ಹಾಸಿಗೆ ಕೋಣೆಯಲ್ಲಿದ್ದ ಒಂದು ಮಾತ್ರ ಒಳಗೇ ನಿಂತುಬಿಟ್ಟಿತು. ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

“ಅದು ತುಳಜಾ,” ಎಂದ ಮುದುಕ.

ಹದಿನೇಳು ವರ್ಷಗಳ ಹಿಂದೆ, ಒಂದು ರವಿವಾರ ಮಧ್ಯಾಹ್ನ, ಹುಡುಗಿಯರು ಕಣ್ಣುಮುಚ್ಚಾಲೆ ಆಡುತ್ತಿದ್ದಾಗ ಹಳಿಯಾಳದ ಆ ಹಾಸ್ಟೆಲ್ಲು ನಿಜವಾಗಿಯೂ ಸುಟ್ಟಿತ್ತು. ಈಗ ಅದೇ ಜಾಗದಲ್ಲಿ ಹೊಸ ಕಟ್ಟಡ ಏಳುತ್ತಿದೆ. ಹೊಗೆ ಕಂಡರೆ ಕೂಗುವ ಅಲಾರಂ, ಚಾವಣಿಯಿಂದ ನೀರು ಚಿಮ್ಮಿಸುವ ಕೊಳವೆ, ಇವನ್ನೆಲ್ಲ ಕೂರಿಸುವ ಮೊದಲೇ ಅವು ಮಕ್ಕಳನ್ನು ಉಳಿಸುತ್ತವೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಸುಟ್ಟು ನೋಡುವುದು ಎಂಜಿನಿಯರ್ ಸುಮನಳ ಕೆಲಸ. ಕಂಪ್ಯೂಟರನ್ನು ನಂಬಬಹುದೇ ಎಂದು ತಿಳಿಯಲು ಹಳೆಯ ಬೆಂಕಿಯನ್ನೇ ಮೊದಲು ಹಚ್ಚಬೇಕಿತ್ತು. ಹಳೆಯ ನಕ್ಷೆ ಎಲ್ಲೂ ಸಿಗಲಿಲ್ಲ. ಅವಳು ನೆನಪಿನಿಂದಲೇ ಎಲ್ಲ ಬರೆದಳು. ಹಾಸಿಗೆ ಕೋಣೆಗೆ ಇದ್ದದ್ದು ಒಂದೇ ಚಿಲಕ, ಅದೂ ಬಾಗಿಲ ತಳದಲ್ಲಿ, ಹೊಸ್ತಿಲಿಗೆ ತಾಗಿ ಎಂಬುದನ್ನೂ ಮರೆತಿರಲಿಲ್ಲ. ಅಂದು ಓಡಿಬಂದ ಮೂವತ್ತೊಂದು ಹುಡುಗಿಯರಲ್ಲಿ ಅವಳೂ ಒಬ್ಬಳು. ತುಳಜಾ ಅವಳ ಜೀವದ ಗೆಳತಿ.

ಜುಜೆ ಆಗ ಅಲ್ಲಿಯ ಕಾವಲುಗಾರ. ಹರೆಯದಲ್ಲೇ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿ ಸೊಂಟ ಸೆಟೆದು ಹೋಗಿತ್ತು. ಅಂದಿನಿಂದ ನೆಲಕ್ಕೆ ಕೂತವನಲ್ಲ. ಇವತ್ತು ಬರುವಾಗ ಕೈ ಜಾರಿ ಬಿದ್ದ ಕೋಲನ್ನೂ ಸುಮನಳೇ ಎತ್ತಿಕೊಟ್ಟಿದ್ದಳು. “ಒಳಗ ಕೂಸು ಐತಂತ ಗೊತ್ತಿರಲಿಲ್ರಿ, ಚಿಲಕಾ ನಾನ ಹಾಕಿದ್ದೆ,” ಎಂದು ಅಂದು ಪೊಲೀಸರ ಮುಂದೆ ತಾನಾಗಿ ಒಪ್ಪಿಕೊಂಡ. ಎರಡು ವರ್ಷ ಜೈಲಿನಲ್ಲಿದ್ದ. ಅವನ ಎಡಭುಜ ಇನ್ನೂ ಸುಟ್ಟು ಸುಕ್ಕುಗಟ್ಟಿದೆ. ಬೆಂಕಿಯಲ್ಲಿ ಚಿಲಕ ತೆಗೆಯುವುದು ಬಿಟ್ಟು ಬಾಗಿಲನ್ನು ಭುಜದಿಂದ ಗುದ್ದುತ್ತ ನಿಂತಿದ್ದನಂತೆ. ಗಾಬರಿಯಲ್ಲಿ ತಲೆ ಕೆಟ್ಟಿತ್ತು ಎಂದರು ಜನ.

ಅಂಥವನಿಗೆ ಸುಮನ ಕುರ್ಚಿ ಕೊಟ್ಟು, ತಾನೇ ಚಹಾ ತಂದುಕೊಟ್ಟದ್ದು ಕಂಡು ಕಚೇರಿಯ ಫ್ಲೇವಿಯಾಗೆ ಮೈ ಉರಿದಿತ್ತು.

“ನಿನ್ನ ಗೆಳತೀನ ಕೊಂದಾಂವಗ ಇಷ್ಟ ಮರ್ಯಾದಿ ಯಾಕ?”

“ಅವರ ಮಾರಿ ನೋಡಾಕ ನನ್ನಿಂದ ಆಗೂದಿಲ್ಲ,” ಎಂದಿದ್ದಳು ಸುಮನ. ಫ್ಲೇವಿಯಾ ಅದನ್ನು ಸಿಟ್ಟು ಎಂದುಕೊಂಡು ಹೊರಗೆ ಹೋಗಿದ್ದಳು.

ಈಗ ಜುಜೆ ಕೆಮ್ಮಿದ. “ಡಾಕ್ಟರು ಕೈ ಚೆಲ್ಲ್ಯಾರವ್ವಾ. ಹೋಗೂದರೊಳಗ ಒಂದ ತಿಳೀಬೇಕು. ಚಿಲಕಾ ಹಾಕದಿದ್ರ ಆ ಕೂಸು ಉಳೀತಿತ್ತೇನು?”

ಇದೊಂದನ್ನು ಕೇಳದಿದ್ದರೆ ಸಾಕು ಎಂದು ಸುಮನ ಹಾರೈಸಿದ್ದಳು. ಉತ್ತರ ಅವಳಿಗೆ ತಿಂಗಳ ಹಿಂದೆಯೇ ಗೊತ್ತಾಗಿತ್ತು. ಅಂದಿನಿಂದ ಸರಿಯಾಗಿ ಊಟ ಸೇರಿರಲಿಲ್ಲ. ಸುಳ್ಳು ಹೇಳಲಾಗಲಿಲ್ಲ. ಚಿಲಕ ತೆಗೆದು ಮತ್ತೆ ಬೆಂಕಿ ಹಚ್ಚಿದಳು. ಮೂವತ್ತೆರಡು ಗೊಂಬೆಗಳೂ ಅಂಗಳದಲ್ಲಿ ನಿಂತವು. ಹೊರಬರಲು ತುಳಜಾಗೆ ಬೇಕಾದದ್ದು ನಲವತ್ತೇ ಸೆಕೆಂಡು.

“ಅಳಬ್ಯಾಡ್ರಿ ಅಜ್ಜಾ,” ಎಂದಳು ಸುಮನ.

ಅವನು ಅಳುತ್ತಿರಲಿಲ್ಲ.

“ಚಿಲಕಾ ಹಾಕಿದವರನ್ನ ಇದರಾಗ ಯಾಕ ತೋರಿಸಿಲ್ಲ? ನಂದೊಂದು ಗೊಂಬಿ ಮಾಡು.”

“ಅದೆಲ್ಲಾ ಬ್ಯಾಡ್ರಿ.”

“ಮಾಡವ್ವಾ.”

ಪ್ರತಿ ಗೊಂಬೆಗೂ ವಯಸ್ಸು, ಎತ್ತರ, ಮೈಯ ಸ್ಥಿತಿ, ಹೆಸರು ತುಂಬಬೇಕು. ಅವಳು ವಯಸ್ಸು ಐವತ್ತೆರಡು ಎಂದು ಒತ್ತಿದಳು. ಎತ್ತರ ಬರೆದಳು.

“ಸೊಂಟ ಬಗ್ಗೂದಿಲ್ಲಂತನೂ ಬರಿ,” ಎಂದ ಜುಜೆ.

ಅದನ್ನೂ ಬರೆದಳು.

ಪರದೆಯ ಜುಜೆ ಹಾಸಿಗೆ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಕೈ ಕೆಳಗೆ ಚಾಚಿದ. ಅದು ಮೊಣಕಾಲಿನ ತನಕವೂ ಇಳಿಯಲಿಲ್ಲ. ತಳದ ಚಿಲಕ ಬೀಳಲೇ ಇಲ್ಲ. ಬೆಂಕಿ ಎದ್ದಿತು, ಬಾಗಿಲು ತೆರೆಯಿತು, ಮೂವತ್ತೆರಡೂ ಹೊರಗೆ ಬಂದವು.

ಸುಮನ ತಾನಾಗಿಯೇ ಇನ್ನೊಂದು ಗೊಂಬೆ ತೆರೆದಳು. ವಯಸ್ಸು ಒಂಬತ್ತು. ಎತ್ತರ ನಾಲ್ಕು ಅಡಿ. ಹೆಸರಿನ ಜಾಗ ಖಾಲಿ ಬಿಟ್ಟಳು.

“ನಿನ್ನ ಹೆಸರ ಬರಿಯವ್ವಾ,” ಎಂದ ಜುಜೆ. “ನೀ ಚಿಲಕಾ ಹಾಕಿ ನಕ್ಕೋತ ಓಡಿದ್ದು ನೋಡಿ, ಆಟ ಅಂತ ನಾನೂ ನಕ್ಕಿದ್ದೆ.”