ಮೂರು ಬೆರಳಿನ ಪರೀಕ್ಷೆ

ದಂತ ಆಸ್ಪತ್ರೆಯಲ್ಲಿ ಹಲ್ಲು ಕ್ಲೀನ್ ಮಾಡುವ ವನಮಾಲಾಗೆ ಗುಟ್ಕಾ ತಿನ್ನುವವರನ್ನು ಕಂಡರೆ ಅಸಹ್ಯ. ತಾನು ದಿನಕ್ಕೆ ಹತ್ತು ಸಲ ಬಾಯಿಗೆ ಹಾಕಿಕೊಳ್ಳುವುದು ಬರೀ ಸಿಹಿ ಅಡಿಕೆಪುಡಿ, ಅದರಲ್ಲಿ ತಂಬಾಕಿಲ್ಲ.

ಕುರ್ಚಿಯಲ್ಲಿ ಒರಗಿದ್ದ ಆಟೋದವನ ಕೆಂಪು ಹಲ್ಲು ನೋಡಿ ಮೂಗು ಮುರಿದಳು.

"ಇದೇನು ಬಾಯೋ, ಕಸದ ತೊಟ್ಟಿಯೋ? ಮೂರು ಬೆರಳು ಜೋಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮಧ್ಯೆ ನಿಲ್ಲಿಸು. ಹೋಗದಿದ್ರೆ ಬಾಯಿ ಬಿಗಿಯೋ ಕಾಯಿಲೆ ಶುರುವಾಗಿದೆ ಅಂತ. ಆಮೇಲೆ ಕ್ಯಾನ್ಸರ್."

"ಹೆಂಗೆ ಮೇಡಂ?"

"ತಿನ್ನೋಕೆ ಗೊತ್ತಾಗುತ್ತೆ, ಇದು ಗೊತ್ತಾಗಲ್ಲ."

ಗ್ಲೌಸ್ ಕಳಚಿ, ಮಾಸ್ಕ್ ಇಳಿಸಿ, ತಾನೇ ಬೆರಳಿಟ್ಟು ತೋರಿಸಲು ಹೊರಟಳು.

ಅವನು ನೋಡಿಕೊಂಡು ತನ್ನ ಬಾಯಿಗೆ ಮೂರು ಬೆರಳಿಟ್ಟು ತೆಗೆದ. ಅವಳಿನ್ನೂ ಬಾಯಿ ಅಗಲಿಸುತ್ತಲೇ ಇದ್ದಳು.

"ನಂದು ಮೂರೂ ಹೋಯ್ತಲ್ಲ ಮೇಡಂ. ನಿಮ್ದ್ಯಾಕೆ ಎರಡಕ್ಕೇ ನಿಂತೋಯ್ತು?"