ಎರಡನೇ ಸುತ್ತು

ನಾಲ್ಕನೆಯ ಚೀಟಿ ಬಿಚ್ಚಿದ ಕ್ಷೌರಿಕ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

"ಇದ್ಯಾರಪ್ಪಾ, ಕಣ್ಣಾರೆ ಕಂಡವರ ಹಾಗೆ ಬರೆದಿರೋದು? ಕೇಳಿ. ಬೀರು ಗೆಲುವು. ಎರಡನೇ ಸುತ್ತು. ಬಲ ಪಕ್ಕೆಯ ಕೆಳಗೆ ಎಡಗೈ ಗುದ್ದು. ಇರುವೆ ಮಂಡಿಯೂರಿ ಕೂತವನು ಹತ್ತು ಎಣಿಸಿದರೂ ಏಳಲಿಲ್ಲ."

ಕಾಂಪೌಂಡರ್ ಬಿದ್ದು ಬಿದ್ದು ನಕ್ಕ. ಇರುವೆ ಎಂಬ ಅಡ್ಡಹೆಸರಿನ ತರಬೇತುದಾರ ನಗಲಿಲ್ಲ. ಅವನ ಕೈ ತಾನಾಗಿಯೇ ಬಲ ಪಕ್ಕೆಗೆ ಹೋಗಿತ್ತು.

ಭಾನುವಾರ ಮಧ್ಯಾಹ್ನವಾದರೆ ಇರುವೆ, ಅವನ ಹೆಂಡತಿ, ಬೀರು, ಕ್ಷೌರಿಕ, ಕಾಂಪೌಂಡರ್, ಬಾಕ್ಸಿಂಗ್ ಶಾಲೆಯ ಈ ಐವರಿಗೆ ಒಂದೇ ಹುಚ್ಚು. ಬೇರೆ ಬೇರೆ ತೂಕದ ಘಟಾನುಘಟಿಗಳನ್ನು ಕಾಗದದ ಮೇಲೆ ಎದುರುಬದುರು ನಿಲ್ಲಿಸುವುದು. ಐವತ್ತು ಕಿಲೋದವನನ್ನು ನೂರು ಕಿಲೋದವನ ಮೇಲೆ ಛೂ ಬಿಡುವುದು, ಸತ್ತವನನ್ನು ಎಬ್ಬಿಸಿ ಬದುಕಿರುವವನ ಮುಂದೆ ತರುವುದು. ಗೆಲ್ಲುವವನ ಹೆಸರು, ಸುತ್ತು, ಗುದ್ದು, ಮೂರನ್ನೂ ಚೀಟಿಯಲ್ಲಿ ಬರೆಯಬೇಕು. ಅಕ್ಷರದ ಗುರುತು ಸಿಗಬಾರದೆಂದು ಎಲ್ಲರೂ ಎಡಗೈಯಲ್ಲೇ ಬರೆಯಬೇಕು. ಈ ನಿಯಮದಿಂದಾಗಿ ಐವರ ಬರಹವೂ ಕೋಳಿ ಕೆದಕಿದಂತೆ ಇರುತ್ತಿತ್ತು.

ಈ ಭಾನುವಾರ ಕಣದಲ್ಲಿದ್ದವರು ಪರದೇಶದವರಲ್ಲ, ಮನೆಯವರೇ. ಐವತ್ತೊಂದು ಕಿಲೋ ವಿಭಾಗದ ಹಳೆಯ ಚಾಂಪಿಯನ್, ಈಗ ಶಾಲೆಯ ತರಬೇತುದಾರನಾಗಿರುವ ಇರುವೆ. ಹೆವಿವೇಟ್ ವಿಭಾಗದ ಹಳೆಯ ಚಾಂಪಿಯನ್, ಈಗ ಉಗ್ರಾಣದಲ್ಲಿ ಕೂತು ಹರಿದ ಗ್ಲೌಸು, ಮರಳು ಚೀಲ ಹೊಲಿಯುವ ಬೀರು. ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬಾರದ ಆಳು ಅವನು. ತೂಕ ಬೇರೆಯಾದ್ದರಿಂದ ಇಬ್ಬರೂ ಎಂದೂ ಎದುರಾದವರಲ್ಲ ಎಂಬುದು ಊರಿಗೆಲ್ಲ ಗೊತ್ತು. "ನನ್ನ ವೇಗಕ್ಕೆ ಬೀರು ಮೂರು ಸುತ್ತೂ ನಿಲ್ತಿರ್ಲಿಲ್ಲ" ಎಂದು ಇರುವೆ ಮೂವತ್ತು ವರ್ಷದಿಂದ ಶಿಷ್ಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಬೀರು ಮುಗುಳ್ನಕ್ಕು ದಾರ ಎಳೆಯುತ್ತಿದ್ದ.

ಇವತ್ತು ಗೆದ್ದವನ ಚಿತ್ರ ರಿಂಗಿನ ಮೇಲಿನ ಗೋಡೆಗೆ ಏರುವುದಿತ್ತು.

ಚೀಟಿ ಬರೆಯುವ ಮೊದಲು ಕ್ಷೌರಿಕ ಇರುವೆಯ ಹೆಂಡತಿಯನ್ನು ಛೇಡಿಸಿದ್ದ. ಶಾಲೆಯಲ್ಲಿ ಗಂಟೆ ಬಾರಿಸುವವಳು ಅವಳೇ.

"ಏನು ಅತ್ತಿಗೆ, ಕಣ್ಣು ಕೆಂಪಾಗಿದೆ? ನಿದ್ದೆ ಇಲ್ವಾ?"

"ಇವರ ಪಕ್ಕ ಮಲಗಿದವರಿಗೆ ನಿದ್ದೆ ಎಲ್ಲಿಂದ ಬರುತ್ತೆ? ಗುದ್ದಾಟ, ಎಣಿಕೆ ಎಲ್ಲಾ ಹಾಸಿಗೇಲೇ" ಎಂದಿದ್ದಳು ಅವಳು. ಎಲ್ಲರೂ ನಕ್ಕಿದ್ದರು.

ಕ್ಷೌರಿಕ ಐದನೆಯ ಚೀಟಿಯನ್ನೂ ಓದಿ ಮುಗಿಸಿದ. ಮೂರಕ್ಕೆ ಎರಡು. ಇರುವೆ ಗೆದ್ದಿದ್ದ.

ಚಪ್ಪಾಳೆಯ ನಡುವೆ ಇರುವೆ ಮನಸ್ಸಿನಲ್ಲೇ ಎಣಿಸಿದ. ತನ್ನದೊಂದು, ಸದಾ ತನ್ನ ಬಾಲ ಹಿಡಿಯುವ ಕ್ಷೌರಿಕನದೊಂದು, ಹೆಂಡತಿಯದೊಂದು. ಆ ಕಡೆ, ಬೀರುವಿಗೇ ಎಂದು ಮೊದಲೇ ಬಾಯಿಬಿಟ್ಟಿದ್ದ ಕಾಂಪೌಂಡರ್. ಉಳಿದವನು ಒಬ್ಬನೇ. ಲೆಕ್ಕ ಸರಿಯಾಗಿ ಕೂತಿತು.

ಎಲ್ಲರೂ ಚಹಾಕ್ಕೆ ಎದ್ದಾಗ ಅವನು ಉಗ್ರಾಣಕ್ಕೆ ನುಗ್ಗಿ ಬಾಗಿಲು ಮುಂದೆ ಮಾಡಿದ.

"ಯಾಕೋ ಹೀಗೆ ಮಾಡಿದೆ?"

ಬೀರು ಮರಳು ಚೀಲ ಹೊಲಿಯುತ್ತಿದ್ದ ದಬ್ಬಳದಿಂದ ಕಣ್ಣೆತ್ತಲಿಲ್ಲ. "ಏನು ಮಾಡಿದೆ?"

"ಎರಡನೇ ಸುತ್ತು, ಬಲ ಪಕ್ಕೆ. ಆವತ್ತು ಬಾಗಿಲು ಹಾಕಿತ್ತು. ಒಳಗಿದ್ದಿದ್ದು ನೀನು, ನಾನು, ಇಬ್ಬರೇ!"

ದಬ್ಬಳ ನಿಂತಿತು.

ಎಂದೂ ನಡೆದಿಲ್ಲವೆಂದು ಊರು ನಂಬಿದ್ದ ಪಂದ್ಯ ನಿಜವಾಗಿ ನಡೆದಿತ್ತು. ಮೂವತ್ತು ವರ್ಷದ ಹಿಂದೆ ಗುರುಗಳು ಶಾಲೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಇನ್ನು ಶಾಲೆ ಯಾರಿಗೆಂದು ನೀವೇ ತೀರ್ಮಾನಿಸಿಕೊಳ್ಳಿ ಎಂದು ಹೊರಟುಹೋಗಿದ್ದರು. ಇಬ್ಬರೂ ಗ್ಲೌಸು ತೊಟ್ಟರು. ಮುಗಿದ ಮೇಲೆ ಇರುವೆ ಮಂಡಿಯ ಮೇಲಿದ್ದೇ ಅತ್ತಿದ್ದ: ಮದುವೆ ಗೊತ್ತಾಗಿದೆ, ಬೇರೆ ಕೆಲಸವಿಲ್ಲ. ಬೀರು ಬೀಗದ ಕೈಯನ್ನು ಅವನ ಗ್ಲೌಸಿನ ಮೇಲಿಟ್ಟ. ಯಾರಿಗೂ ಹೇಳುವುದಿಲ್ಲವೆಂದು ಮಾತನ್ನೂ ಕೊಟ್ಟ.

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಉಳಿಸ್ಕೊಂಡೂ ಇದೀನಿ."

"ಬೆನ್ನಿಗೆ ಚೂರಿ ಹಾಕಿ ಇದೊಂದು ಮಾತು ಬೇರೆ! ಮೂವತ್ತು ವರ್ಷ ಒಂದೇ ತಟ್ಟೇಲಿ ಉಂಡಿದ್ದೀವಲ್ಲೋ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಬೀರು ದಾರದ ಮೇಣ ಮೆತ್ತಿದ್ದ ಬೆರಳನ್ನು ಅಂಗಿಗೆ ಒರೆಸಿಕೊಂಡು ಎದ್ದ.

"ಆ ಚೀಲ ಅರ್ಧ ಹೊಲಿದಿದೆ. ಯಾರ ಕೈಲಾದ್ರೂ ಮುಗಿಸು."

ಇರುವೆ ಹೊರಗೆ ಬಂದಾಗ ಹೆಂಡತಿ ಅವನ ಚಿತ್ರದ ಗಾಜು ಒರೆಸುತ್ತಿದ್ದಳು.

"ಬೀರಣ್ಣ ಎಲ್ಲಿಗೆ ಹೋದ್ರು? ಕೂಗಿದ್ರೂ ತಿರುಗಿ ನೋಡ್ಲಿಲ್ಲ."

"ಹೊರಗೆ ಹಾಕಿದೆ. ನಂಬಿಕೆದ್ರೋಹಿ! ಸದ್ಯ, ನೀನಾದ್ರೂ ನನ್ನ ಕಡೆ ಬರೆದೆಯಲ್ಲ."

ಅವಳು ಬಟ್ಟೆ ಕೆಳಗಿಟ್ಟಳು. ಮೇಜಿನ ಮೇಲಿದ್ದ ಚೀಟಿಗಳಲ್ಲಿ ಒಂದನ್ನು ಹೆಕ್ಕಿ ಅವನ ಮುಂದೆ ಹಿಡಿದಳು. 'ಇರುವೆ ಗೆಲುವು. ಕೊನೆಯ ಸುತ್ತು. ಅಂಕಗಳ ಮೇಲೆ.' ಚೀಟಿಯ ಮೂಲೆಯಲ್ಲಿ ಕಂದು ಮೇಣದ ದಪ್ಪ ಹೆಬ್ಬೆಟ್ಟಿನ ಗುರುತಿತ್ತು.

ಇರುವೆ ಬಾಗಿಲ ಕಡೆ ನೋಡಿದ. ಬೀದಿ ಖಾಲಿಯಿತ್ತು.

"ಹಾಗಾದ್ರೆ ಆ ಇನ್ನೊಂದು..."

"ನಂದು. ಚಿತ್ರ ಗೋಡೆಗೆ ಏರೋ ಮೊದಲು ನೀವೇ ನಿಜ ಹೇಳ್ತೀರೇನೋ ಅಂತ ಬರೆದೆ."

"ನಿನಗೆ ಯಾರು ಹೇಳಿದ್ದು? ಅವನೇ ತಾನೇ?"

"ನೀವೇ ಕಣ್ರೀ" ಎಂದಳು ಅವಳು, ಚಿತ್ರವನ್ನು ಗೋಡೆಗೆ ಮುಖ ಮಾಡಿ ಒರಗಿಸಿಡುತ್ತ. "ಮದುವೆ ಆದಾಗಿಂದ ದಿನಾ ನಿದ್ದೇಲಿ ಅದೇ ಪಂದ್ಯ ಆಡ್ತೀರಿ. ಮೂವತ್ತು ವರ್ಷದಲ್ಲಿ ಒಂದು ಸಲಾನೂ ಮೂರನೇ ಸುತ್ತಿಗೆ ಹೋಗಿಲ್ಲ."