ಹೊರಬೀಡಿನ ಮಂಗಳವಾರ

"ಸುಳ್ಳು ರೀ ಇದು. ಹಸಿ ಸುಳ್ಳು!"

ನರ್ಸ್ ರುದ್ರಾಣಿ ಎರಡು ಪತ್ರಿಕೆಗಳನ್ನು ಮೇಜಿನ ಮೇಲೆ ಕುಕ್ಕಿದಳು. ಒಂದು ಇಂಗ್ಲಿಷ್, ನುಣುಪು ಕಾಗದ. ಇನ್ನೊಂದು ಕನ್ನಡದ್ದು, ಅಂಚು ಹರಿದ ಬರೀ ಒಂದು ಹಾಳೆ.

ಜಗಳೂರಿನ ಪ್ರವಾಸಿ ಮಂದಿರದ ಆ ಕೋಣೆಯಲ್ಲಿ ಮೆಣಸಿನಕಾಯಿ ಬಜ್ಜಿಯ ವಾಸನೆ ಇಡುಕಿರಿದಿತ್ತು. ತಟ್ಟೆ ಡಾಕ್ಟರ್ ಮಹೇಶ್ವರಪ್ಪನವರ ಮುಂದಿತ್ತು. ಆರು ಮೈಲಿ ಆಚೆಯ ಹಳ್ಳಿಯಲ್ಲಿ ನಾಲ್ಕು ಜನ ಕಾಲರಾ ಬಡಿದು ಕಕ್ಕುತ್ತ ಮಲಗಿದ್ದಾರೆ, ಇಲ್ಲಿ ಈ ಮನುಷ್ಯ ಎಣ್ಣೆ ಬೆರಳು ಚೀಪುತ್ತ ಕೂತಿದ್ದಾನೆ! ರುದ್ರಾಣಿ ತಟ್ಟೆಯನ್ನು ಪತ್ರಿಕೆಗಳಿಂದ ಆಚೆ ಸರಿಸಿದಳು.

ಎದುರಿಗೆ ಆರೋಗ್ಯಾಧಿಕಾರಿ ತಿಪ್ಪೇರುದ್ರಸ್ವಾಮಿ ಪೆನ್ನು ತೆರೆದಿಟ್ಟುಕೊಂಡಿದ್ದರು. ಅವರ ಸಹಿ ಬಿದ್ದರೆ ಮುಗಿಯಿತು. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವ ತಂಡ ವಾಪಸು, ಅದರ ಬದಲು ಮನೆಮನೆಗೆ ಮಹೇಶ್ವರಪ್ಪನವರ ಔಷಧಿ. ಎಂಬತ್ತಮೂರರ ಆ ಬೇಸಿಗೆಯಲ್ಲಿ ತಾಲ್ಲೂಕಿನ ಕೈಯಲ್ಲಿ ಎರಡನ್ನೂ ಮಾಡುವಷ್ಟು ಜನರಿರಲಿಲ್ಲ. ಔಷಧಿ ಸುಳ್ಳಾಗಿದ್ದರೆ ಹೆಣಗಳ ಲೆಕ್ಕ ನಾಳೆಯಿಂದಲೇ ಶುರು.

"ನಿಧಾನಕ್ಕೆ ಹೇಳ್ರಿ ಸಿಸ್ಟರ್," ಅಂದರು ಅಧಿಕಾರಿ.

"ಏಳು ವರ್ಷದ ಹಿಂದೆ ಇದೇ ಕಾಲರಾ ಲೋಕವೆಲ್ಲ ಸುತ್ತಿ ತ್ಯಾವಣಿಗೆ ಆಚೆ ಹಟ್ಟಿಗೆ ಬಂದಿತ್ತಲ್ರೀ. ಇಂಗ್ಲಿಷಿನಾಗೆ ಡಾಕ್ಟ್ರು ಬರೆದಾರೆ. ಮಂಗಳವಾರ ಹಗಲು ಹಟ್ಟಿಯ ಇನ್ನೂರ ಹನ್ನೆರಡು ಜನಕ್ಕೆ ಔಷಧಿ ಕುಡಿಸಿದ್ವಿ, ಆಮೇಲೆ ಒಬ್ಬರಿಗೂ ಬೇನೆ ಬರಲಿಲ್ಲ ಅಂತ." ಇಂಗ್ಲಿಷ್ ಪುಟವನ್ನು ಅವಳು ತೆರೆದೇ ಇರಲಿಲ್ಲ, ಬಾಯಿಪಾಠವಾಗಿತ್ತು. "ಕನ್ನಡದಾಗೆ ಹೆಲ್ತ್ ಇನ್‌ಸ್ಪೆಕ್ಟರ್ ಜುಂಜಪ್ಪನೋರು ಬರೆದಾರೆ. ಅದೇ ಹಟ್ಟಿ, ಅದೇ ಮಂಗಳವಾರ. ಕೇಳ್ರಿ."

ಓದಿದಳು. "ಅಂದು ಊರು ಹೊರಬೀಡು ಹೋಗಿತ್ತು. ಬೇನೆ ತೊಲಗಲೆಂದು ಹಸುಗೂಸಿನಿಂದ ಮುದುಕರ ತನಕ, ದನಕರುಗಳ ಸಮೇತ ಎಲ್ಲರೂ ಹೊತ್ತು ಹುಟ್ಟುವ ಮೊದಲೇ ಮನೆಗಳಿಗೆ ಬೀಗ ಹಾಕಿ ಹೊಲ ಸೇರಿದ್ದರು. ಹೊತ್ತು ಮುಳುಗುವ ತನಕ ಊರೊಳಕ್ಕೆ ಕಾಲಿಡುವಂತಿಲ್ಲ. ಬಾವಿಗೆ ಕೊಡ ಇಳಿಯದ ದಿನ ಅದೊಂದೇ. ಪೌಡರ್ ಕಲಸಿ ಸುರಿದೆವು. ಬೇನೆ ನಿಂತಿತು."

ಇಂಗ್ಲಿಷ್ ಲೇಖನ ಸಮುದ್ರ ದಾಟಿ ಹೋಗಿ ಡಾಕ್ಟರಿಗೆ ಹಾರ, ಶಾಲು ತಂದಿತ್ತು. ಕನ್ನಡದ್ದು ರುದ್ರಾಣಿಗೆ ಸಿಕ್ಕಿದ್ದು ಸವಳಂಗದ ಬಸ್ ನಿಲ್ದಾಣದಲ್ಲಿ, ಕಡ್ಲೆಕಾಯಿ ಪೊಟ್ಟಣವಾಗಿ. ಹುಡುಕಿಕೊಂಡು ಹೋದರೆ ಜುಂಜಪ್ಪ ಸತ್ತು ನಾಲ್ಕು ವರ್ಷವಾಗಿತ್ತು.

ಮಹೇಶ್ವರಪ್ಪ ಕನ್ನಡ ಪತ್ರಿಕೆಯನ್ನು ಎಳೆದುಕೊಂಡು, ಥೂ, ಅದರ ಅಂಚಿಗೇ ಬೆರಳೊರೆಸಿದರು.

"ಇದನ್ನ ಸಂಶೋಧನೆ ಅಂತಾರೇನ್ರಿ? ನನ್ನ ಲೇಖನ ಲಂಡನ್ನಿನಾಗೆ ಓದ್ಯಾರೆ. ನಾನು ಕಣ್ಣಾರೆ ಕಂಡದ್ದನ್ನೇ ಬರೆದೀನಿ."

"ಏನು ಕಂಡ್ರಿ ನೀವು? ನಿಮ್ಮ ಜೀಪು ಊರಾಚೆ ಹುಣಸೆಮರದ ನೆರಳು ಬಿಟ್ಟು ಅಲ್ಲಾಡಲಿಲ್ಲ."

ಡಾಕ್ಟರು ಅವಳ ಕೈ ಕಡೆ ನೋಡಿದರು. ಮಾತು ಬದಲಿಸಿದರು. "ಆ ಹೆಬ್ಬೆರಳನ್ನ ಯಾಕೆ ಸೆರಗಿಗೆ ಹಂಗೆ ತಿಕ್ತಾ ಇದೀರಿ ಸಿಸ್ಟರ್? ಕಜ್ಜಿ ಗಿಜ್ಜಿ ಐತೇನು?"

"ಹಳೇ ಈಳಿಗೆ ಗಾಯ ರೀ." ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಹತ್ರ ದಾಖಲೆ ಐತೆ." ಡಾಕ್ಟರು ಚೀಲದಿಂದ ಉದ್ದನೆಯ ಪಟ್ಟಿ ತೆಗೆದರು. ಹೆಸರು, ವಯಸ್ಸು, ಎದುರಿಗೆ ನೇರಳೆ ಶಾಯಿಯ ಹೆಬ್ಬೆಟ್ಟು. ಪುಟದ ಮೇಲೆ ಪುಟ.

ಅಧಿಕಾರಿ ಹಾಳೆ ಮಗುಚಿದರು. "ಎಲ್ಲರದೂ ಹೆಬ್ಬೆಟ್ಟೇ?"

"ಹಟ್ಟಿ ಜನಕ್ಕೆ ಬರೆಯಾಕೆ ಎಲ್ಲಿ ಬರ್ತೈತೆ ಬಿಡ್ರಿ!"

ಅಧಿಕಾರಿಯ ಬೆರಳು ಒಂದು ಹೆಸರಿನ ಮೇಲೆ ನಿಂತಿತು. "ಚಿಕ್ಕಹನುಮಂತಪ್ಪ, ಶಾಲಾ ಮಾಸ್ತರು. ಮೇಷ್ಟ್ರೂ ಹೆಬ್ಬೆಟ್ಟು ಒತ್ತಿದರೇನ್ರಿ?"

ಡಾಕ್ಟರು ಪಟ್ಟಿಗೆ ಎಣ್ಣೆ ಕೈ ಚಾಚಿದರು.

"ಛೀ, ಛೀ!" ಅಧಿಕಾರಿ ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡರು. "ರೇಷನ್ ಕಾರ್ಡಿನ ಪಟ್ಟಿ ನೋಡ್ಕೊಂಡು ಇಳಿಸಿದ ಹೆಸರು ಇವು. ಜನ ಸಾಯೋ ಹೊತ್ತಿನಾಗೆ ಇಂಥ ಹೇಸಿಗೆ ಕೆಲಸ ಮಾಡಾಕೆ ಮನಸ್ಸು ಹೆಂಗೆ ಬಂತ್ರೀ ನಿಮಗೆ?"

"ನಾನಲ್ಲ ಸ್ವಾಮಿ! ಸಾಯಂಕಾಲ ಖಾಲಿ ಬಾಟ್ಲಿ, ತುಂಬಿದ ಪಟ್ಟಿ ಜೀಪಿಗೆ ಬಂದ್ವು. ನಂಬಿದೆ, ಬರೆದೆ. ತಂದುಕೊಟ್ಟೋರು ಯಾರೋ ಕೆಳಗಿನ ಸ್ಟಾಫು. ಮುಖ ಯಾರು ನೋಡ್ತಾರೆ?"

"ಖಾಲಿ ಊರು ಅಂತ ಬಂದು ಹೇಳಿದ್ರೆ ನೀವು ಏನು ಮಾಡ್ತಿದ್ರಿ?" ರುದ್ರಾಣಿ ಕೇಳಿದಳು.

"ಕೆಲಸದಿಂದ ತೆಗೀತಿದ್ದೆ! ಕೊಟ್ಟ ಕೆಲಸ ಮಾಡದೋರನ್ನ ಇಟ್ಕೊಂಡು ಏನು ಮಾಡೋದು?"

"ಹೌದು. ಅಂಥೋರೇ ನೀವು."

ಅಧಿಕಾರಿ ಪಟ್ಟಿಯನ್ನು ದೂರ ತಳ್ಳಿದರು. "ಇದನ್ನ ಮಾಡಿದೋರ ಮುಖಕ್ಕೆ ಉಗೀಬೇಕು."

"ಉಗೀಬೇಕು ರೀ," ಅಂದಳು ರುದ್ರಾಣಿ. "ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತಾಗೆಲ್ಲ ನನಗೂ ಹಂಗೇ ಅನ್ನಿಸ್ತೈತೆ."

"ಆದರೆ ಸಿಸ್ಟರ್," ಅಧಿಕಾರಿ ಪೆನ್ನಿನ ಕಡೆ ನೋಡುತ್ತಲೇ ಅಂದರು, "ಜುಂಜಪ್ಪನೋರು ಇಲ್ಲ. ಮೇಷ್ಟ್ರ ಒಂದು ಹೆಬ್ಬೆಟ್ಟು ತೋರಿಸಿ ಔಷಧಿ ನಿಲ್ಲಿಸಿದರೆ ಮೇಲಿನೋರು ಸುಮ್ಮನಿರಲ್ಲ. ಲಂಡನ್ನಿನ ಕಾಗದಕ್ಕೆ ಕಡ್ಲೆಕಾಯಿ ಕಾಗದ ಸಾಕ್ಷಿ ಆಗಲ್ಲ. ಜೀವಂತ ಸಾಕ್ಷಿ ಬೇಕು."

ಹೊರಗೆ ಔಷಧಿ ಪೆಟ್ಟಿಗೆಗಳನ್ನು ಹೇರಿಕೊಂಡ ಜೀಪು ಗುರುಗುಟ್ಟುತ್ತಿತ್ತು. ರುದ್ರಾಣಿ ಅದರ ಕಡೆ ಒಮ್ಮೆ ನೋಡಿದಳು.

"ಸಾಕ್ಷಿ ಐತ್ರಿ. ನೌಕರಿ ಹೋದ್ರೆ ಹೋಗ್ಲಿ, ಬಾವಿಗಳಿಗೆ ಪೌಡರ್ ಬೀಳ್ಲಿ."

ಮೇಜಿನ ಮೇಲಿದ್ದ ಶಾಯಿಪ್ಯಾಡನ್ನು ಎಳೆದುಕೊಂಡು ಅವಳು ಎಡಗೈ ಹೆಬ್ಬೆರಳನ್ನು ಅದ್ದಿದಳು, ಪಟ್ಟಿಯ ಕೊನೆಯ ಗುರುತಿನ ಪಕ್ಕದಲ್ಲೇ ಒತ್ತಿದಳು. ಇನ್ನೂರ ಹನ್ನೆರಡು ಹೆಬ್ಬೆಟ್ಟುಗಳಲ್ಲೂ, ಒಂದೊಂದರ ನಟ್ಟನಡುವೆ ಹಾದಿದ್ದ ಈಳಿಗೆ ಗಾಯದ ಅಡ್ಡಗೆರೆ ಇನ್ನೂರ ಹದಿಮೂರನೆಯದರಲ್ಲೂ ಅಲ್ಲೇ, ಹಾಗೇ ಮೂಡಿತ್ತು.